ಪಾಚಿ ಇಂಧನ ಮತ್ತು ಹೊಸ ಪೀಳಿಗೆಯ ಅಣುಸ್ಥಾವರ: ಎರಡರ ವಿಳಂಬವೂ ಒಂದೇ ಬಗೆಯದೇ?

ಪ್ರಶ್ನೆ: ನಿವೃತ್ತ ಮೇಷ್ಟ್ರು, ಶಿರಸಿ

ಪಾಚಿಯಿಂದ ಡೀಸೆಲ್ ತೆಗೆಯಬಹುದು ಎಂಬ ಮಾತನ್ನೂ, ಕಾರ್ಖಾನೆಯಲ್ಲಿ ತಯಾರಿಸಿ ತಂದು ನಿಲ್ಲಿಸಬಹುದಾದ ಸಣ್ಣ ಅಣುಸ್ಥಾವರಗಳು ಬರಲಿವೆ ಎಂಬ ಮಾತನ್ನೂ ನಾನು ಭೌತಶಾಸ್ತ್ರ ಕಲಿಸುತ್ತಿದ್ದ ಕಾಲದಿಂದ ಓದುತ್ತ ಬಂದಿದ್ದೇನೆ. ಪತ್ರಿಕೆಗಳು ಇವೆರಡನ್ನೂ ಒಂದೇ ಉಸಿರಿನಲ್ಲಿ ‘ನಾಳಿನ ಇಂಧನ’ ಎಂದು ಬಣ್ಣಿಸುತ್ತವೆ. ಎರಡೂ ನಮ್ಮ ಬಳಕೆಗೆ ಬಾರದಿರುವುದಕ್ಕೆ ಹಣ ಮತ್ತು ಸಂಕಲ್ಪಗಳ ಕೊರತೆ ಕಾರಣವೋ, ಅಥವಾ ನಿಸರ್ಗದ ನಿಯಮವೇ ಎಲ್ಲಿಯೋ ಅಡ್ಡ ನಿಂತಿದೆಯೋ ಎಂಬುದನ್ನು ಬಲ್ಲವರು ವಿವರಿಸಬೇಕೆಂದು ಕೋರುತ್ತೇನೆ. ಲೆಕ್ಕ ಸಹಿತ ಹೇಳಿದರೆ ಇನ್ನೂ ಒಳ್ಳೆಯದು.

ಉತ್ತರ 1: ಜೈವಿಕ ತಂತ್ರಜ್ಞಾನದವನು

ಮೇಷ್ಟ್ರೇ, ಪಾಚಿಯ ಬಗ್ಗೆ ನಾನು ಹೇಳುತ್ತೇನೆ. ಅಣುವಿದ್ಯುತ್ತಿನ ಮಾತನ್ನು ಅದನ್ನು ಬಲ್ಲವರಿಗೆ ಬಿಡುತ್ತೇನೆ.

ಚೆನ್ನಾಗಿ ನೋಡಿಕೊಂಡ ತೆರೆದ ಕೊಳದಲ್ಲಿ ಚದರ ಮೀಟರಿಗೆ ದಿನಕ್ಕೆ 20 ಗ್ರಾಂ ಒಣ ಪಾಚಿ ಬೆಳೆಯುತ್ತದೆ ಎಂದೂ, ಅದರಲ್ಲಿ ಕಾಲುಭಾಗ ಎಣ್ಣೆ ಎಂದೂ ಇಟ್ಟುಕೊಳ್ಳೋಣ. ಆಗ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 18 ಟನ್ ಎಣ್ಣೆ ದೊರೆಯುತ್ತದೆ. ತಾಳೆಯ ಇಳುವರಿಗೆ ಹೋಲಿಸಿದರೆ ಇದು ನಾಲ್ಕೈದು ಪಟ್ಟು. ಆಸೆ ಹುಟ್ಟುವುದು ಇಲ್ಲಿ. ಆದರೆ ಅಂಥ ಕೊಳದ ಒಂದು ಲೀಟರ್ ನೀರಿನಲ್ಲಿರುವ ಪಾಚಿ ಹೆಚ್ಚುಕಡಿಮೆ ಅರ್ಧ ಗ್ರಾಂ. ಅಂದರೆ ಒಂದು ಕಿಲೋ ಎಣ್ಣೆಗಾಗಿ 8000 ಲೀಟರ್ ನೀರನ್ನು ತಿರುಗಿಸಿ, ಸೋಸಿ, ಬೇರ್ಪಡಿಸಬೇಕು. ಪಂಪು, ಸೆಂಟ್ರಿಫ್ಯೂಜ್, ಒಣಗಿಸುವಿಕೆ ಇವುಗಳಿಗೆ ತಗಲುವ ಶಕ್ತಿಯನ್ನು ಕಳೆದರೆ ಕೈಯಲ್ಲಿ ಉಳಿಯುವುದು ತೀರ ಕಡಿಮೆ, ಕೆಲವೊಮ್ಮೆ ಏನೂ ಉಳಿಯುವುದಿಲ್ಲ.

ಇದಕ್ಕಿಂತ ಆಳವಾದ ತೊಡಕು ಪಾಚಿಯ ಸ್ವಭಾವದಲ್ಲೇ ಇದೆ. ಸಾರಜನಕ ಸಿಗದಂತೆ ಮಾಡಿದಾಗ ಅದು ಎಣ್ಣೆಯನ್ನು ಕೂಡಿಡುತ್ತದೆ, ಆದರೆ ಆಗ ಅದರ ಬೆಳವಣಿಗೆ ಕುಂಠಿತವಾಗುತ್ತದೆ. ಅಮೆರಿಕದ ಇಂಧನ ಇಲಾಖೆ 1978ರಿಂದ 1996ರ ವರೆಗೆ ನಡೆಸಿದ ಸಂಶೋಧನೆಯಲ್ಲಿ ಸುಮಾರು 3000 ಬಗೆಯ ಪಾಚಿಗಳನ್ನು ಸಂಗ್ರಹಿಸಿ ಪರಿಶೀಲಿಸಿದರೂ ಈ ಗಂಟು ಬಿಡಲಿಲ್ಲ. ನ್ಯೂ ಮೆಕ್ಸಿಕೋದ ರಾಸ್‌ವೆಲ್‌ನ ಕೊಳಗಳಲ್ಲಿ ಕೆಲವು ದಿನ ಚದರ ಮೀಟರಿಗೆ 50 ಗ್ರಾಂ ಮುಟ್ಟಿದ ಇಳುವರಿ, ಮರುಭೂಮಿಯ ರಾತ್ರಿಯ ಚಳಿಯಿಂದಾಗಿ ವರ್ಷದ ಸರಾಸರಿಯಲ್ಲಿ ಬಹಳ ಕೆಳಗಿಳಿಯಿತು. ಮುಂದೆ 2009ರಲ್ಲಿ ಎಕ್ಸಾನ್‌ಮೊಬಿಲ್ ಕಂಪನಿಯು ಜೀನ್ ವಿಜ್ಞಾನಿ ಕ್ರೇಗ್ ವೆಂಟರ್ ಅವರ ಸಿಂಥೆಟಿಕ್ ಜೀನೋಮಿಕ್ಸ್ ಕಂಪನಿಯ ಜೊತೆ ಸೇರಿ 60 ಕೋಟಿ ಡಾಲರುಗಳ ವರೆಗೆ ಹೂಡುವುದಾಗಿ ಘೋಷಿಸಿತು. ಒಂದು ಜಾತಿಯ ಪಾಚಿಯಲ್ಲಿ ಬೆಳವಣಿಗೆಗೆ ಹೆಚ್ಚು ಧಕ್ಕೆಯಾಗದಂತೆ ಎಣ್ಣೆಯ ಪ್ರಮಾಣವನ್ನು ಇಮ್ಮಡಿಗೊಳಿಸಿದ್ದನ್ನು 2017ರಲ್ಲಿ ಪ್ರಕಟಿಸಿದ್ದು ನಿಜವಾದ ಸಾಧನೆಯೇ. ಆದರೂ 2023ರ ಹೊತ್ತಿಗೆ ಆ ಕಂಪನಿ ಪಾಚಿಯ ಕೆಲಸದಿಂದ ಹಿಂದೆ ಸರಿದಿತ್ತು. ಪ್ರಯೋಗಾಲಯದ ಸೀಸೆಯಲ್ಲಿ ಸೊಂಪಾಗಿ ಬೆಳೆದ ತಳಿಯನ್ನು ಬಯಲಿನ ಕೊಳಕ್ಕೆ ಬಿಟ್ಟರೆ ಕಾಡುಪಾಚಿಗಳು ಅದನ್ನು ಮೀರಿ ಬೆಳೆಯುತ್ತವೆ, ಸೂಕ್ಷ್ಮಜೀವಿಗಳು ಅದನ್ನು ಮೇಯುತ್ತವೆ. ಮುಚ್ಚಿದ ಗಾಜಿನ ಕೊಳವೆಗಳಲ್ಲಿ ಬೆಳೆಸಿದರೆ ಈ ಕಾಟ ತಪ್ಪುತ್ತದೆ, ಆದರೆ ಖರ್ಚು ಎಲ್ಲಿಯೋ ಹೋಗುತ್ತದೆ.

ಸ್ಪಿರುಲಿನಾ ಎಂಬ ನೀಲಿ-ಹಸಿರು ಪಾಚಿ ಲಾಭ ತರುತ್ತದಲ್ಲ ಎಂದು ಯಾರಾದರೂ ಕೇಳಬಹುದು. ಅದು ಆಹಾರವಾಗಿ, ಡೀಸೆಲ್ಲಿಗಿಂತ ಎಷ್ಟೋ ಪಟ್ಟು ಹೆಚ್ಚಿನ ಬೆಲೆಗೆ ಮಾರಾಟವಾಗುತ್ತದೆ. ಅದರಲ್ಲಿ ಹೆಚ್ಚಾಗಿರುವುದು ಪ್ರೋಟೀನು, ಎಣ್ಣೆಯಲ್ಲ.

ಉತ್ತರ 2: ಅಣುಸ್ಥಾವರದ ಮಾಜಿ ನೌಕರ

ಅಣುಸ್ಥಾವರದ ವಿಷಯದಲ್ಲಿ ಚಿತ್ರ ಬೇರೆಯೇ ಇದೆ, ಏಕೆಂದರೆ ಹೊಸದೆಂದು ಕರೆಯಲಾಗುತ್ತಿರುವ ವಿನ್ಯಾಸಗಳಲ್ಲಿ ಬಹುಪಾಲು ಹಿಂದೆಯೇ ನಡೆದು ತೋರಿಸಿದಂಥವು. ಕರಗಿದ ಲವಣದ ರಿಯಾಕ್ಟರ್ ಅಮೆರಿಕದ ಓಕ್ ರಿಡ್ಜ್‌ನಲ್ಲಿ 1965ರಿಂದ 1969ರ ವರೆಗೆ ನಡೆಯಿತು. ದ್ರವ ಸೋಡಿಯಂನಿಂದ ತಂಪಾಗುವ ರಷ್ಯಾದ ಬಿಎನ್-600 ಸ್ಥಾವರ 1980ರಿಂದ ಗ್ರಿಡ್ಡಿಗೆ ವಿದ್ಯುತ್ ಕೊಡುತ್ತಿದೆ. ಆದ್ದರಿಂದ ನಿಸರ್ಗದ ನಿಯಮ ಇಲ್ಲಿ ಅಡ್ಡಿಯಲ್ಲ. ಅಡ್ಡಿ ಇರುವುದು ಕಟ್ಟುವುದರಲ್ಲಿ, ದುರಸ್ತಿಯಲ್ಲಿ ಮತ್ತು ಬಡ್ಡಿಯಲ್ಲಿ.

ಸೋಡಿಯಂ ಶಾಖವನ್ನು ಚೆನ್ನಾಗಿ ಒಯ್ಯುತ್ತದೆ, ಒತ್ತಡದ ಪಾತ್ರೆಯನ್ನೂ ಬೇಡುವುದಿಲ್ಲ. ಆದರೆ ಬಿಸಿ ಸೋಡಿಯಂ ಗಾಳಿ ತಗುಲಿದರೆ ಹೊತ್ತಿಕೊಳ್ಳುತ್ತದೆ, ನೀರು ತಗುಲಿದರೆ ಜಲಜನಕವನ್ನು ಬಿಡುಗಡೆ ಮಾಡುತ್ತದೆ, ಅದರೊಳಗೆ ಮುಳುಗಿರುವ ಭಾಗ ಕಣ್ಣಿಗೆ ಕಾಣುವುದೂ ಇಲ್ಲ. ಜಪಾನಿನ ಮೊಂಜು ಸ್ಥಾವರದಲ್ಲಿ 1995ರಲ್ಲಿ ಸೋಡಿಯಂ ಸೋರಿ ಬೆಂಕಿ ಬಿದ್ದ ಮೇಲೆ ಅದು ಸರಿಯಾಗಿ ನಡೆಯಲೇ ಇಲ್ಲ. 2016ರಲ್ಲಿ ಅದನ್ನು ಶಾಶ್ವತವಾಗಿ ಮುಚ್ಚುವ ತೀರ್ಮಾನವಾಯಿತು. ನಮ್ಮ ಕಲ್ಪಾಕ್ಕಂನ 500 ಮೆಗಾವಾಟಿನ ಫಾಸ್ಟ್ ಬ್ರೀಡರ್ (ಸೋಡಿಯಂನಿಂದಲೇ ತಂಪಾಗುವ, ಉರಿಸಿದ್ದಕ್ಕಿಂತ ಹೆಚ್ಚು ಇಂಧನ ಹುಟ್ಟಿಸಬಲ್ಲ ರಿಯಾಕ್ಟರ್) ಕಾಮಗಾರಿ 2004ರಲ್ಲಿ ಆರಂಭವಾಗಿ, ಅದರ ಒಡಲಿಗೆ ಇಂಧನ ತುಂಬುವ ಕೆಲಸಕ್ಕೆ ಚಾಲನೆ ದೊರೆತದ್ದು 2024ರ ಮಾರ್ಚ್‌ನಲ್ಲಿ.

ಸಣ್ಣ ರಿಯಾಕ್ಟರುಗಳ ಲೆಕ್ಕಾಚಾರ ನಿಂತಿರುವುದು ಒಂದೇ ಮಾದರಿಯನ್ನು ಸಾಲುಸಾಲಾಗಿ ತಯಾರಿಸಿದರೆ ಅಗ್ಗವಾಗುತ್ತದೆ ಎಂಬ ನಂಬಿಕೆಯ ಮೇಲೆ. ಮೊದಲ ಗಿರಾಕಿಯಾಗಲು ಯಾರೂ ಮುಂದೆ ಬರುವುದಿಲ್ಲ, ಮೊದಲ ಗಿರಾಕಿ ಇಲ್ಲದೆ ಸಾಲು ಹುಟ್ಟುವುದಿಲ್ಲ. ಅಮೆರಿಕದ ನ್ಯೂಸ್ಕೇಲ್ ಕಂಪನಿಯ ಐಡಾಹೋ ಯೋಜನೆಯಲ್ಲಿ ವಿದ್ಯುತ್ತಿನ ಅಂದಾಜು ದರ ಮೆಗಾವಾಟ್-ಗಂಟೆಗೆ 58 ಡಾಲರಿನಿಂದ 89ಕ್ಕೆ ಏರಿತು, ಕೊಳ್ಳುವ ಊರುಗಳು ಸಾಕಷ್ಟು ಸಿಗಲಿಲ್ಲ, 2023ರ ನವೆಂಬರಿನಲ್ಲಿ ಯೋಜನೆ ರದ್ದಾಯಿತು. ಚೀನಾದ ಶಾಂಡಾಂಗ್ ಪ್ರಾಂತ್ಯದಲ್ಲಿ ಹೀಲಿಯಂನಿಂದ ತಂಪಾಗುವ ಅವಳಿ ರಿಯಾಕ್ಟರುಗಳು 2023ರ ಡಿಸೆಂಬರಿನಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಸುಮಾರು 200 ಮೆಗಾವಾಟಿಗಾಗಿ ಹನ್ನೊಂದು ವರ್ಷ ಹಿಡಿಯಿತು. ಇದನ್ನು ಗೆಲುವೆಂದು ಕರೆಯಲು ನನಗೆ ಸಂಕೋಚವಿಲ್ಲ, ಅಗ್ಗವೆಂದು ಕರೆಯಲಾರೆ.

ಇಂಧನದ ಗೊಡವೆಯೂ ಇದೆ. ಇಂಥ ಹಲವು ವಿನ್ಯಾಸಗಳಿಗೆ ಸಂಪುಷ್ಟಗೊಳಿಸಿದ, ಅಂದರೆ ವಿದಳನಗೊಳ್ಳುವ ಯುರೇನಿಯಂ-235ರ ಪಾಲನ್ನು 5ರಿಂದ 20 ಶೇಕಡಾದಷ್ಟಕ್ಕೆ ಏರಿಸಿದ ಯುರೇನಿಯಂ ಬೇಕು, ಅದನ್ನು ವಾಣಿಜ್ಯ ಪ್ರಮಾಣದಲ್ಲಿ ಮಾರುತ್ತಿದ್ದುದು ಬಹುತೇಕ ರಷ್ಯಾ ಮಾತ್ರ. ಅಮೆರಿಕದ ವಯೋಮಿಂಗ್‌ನಲ್ಲಿ ಟೆರಾಪವರ್ ಕಂಪನಿ ಕಟ್ಟುತ್ತಿರುವ ಸ್ಥಾವರ ಉಕ್ರೇನ್ ಯುದ್ಧದ ನಂತರ ಕನಿಷ್ಠ ಎರಡು ವರ್ಷ ಹಿಂದೆ ಬಿದ್ದದ್ದು ಇದರಿಂದಲೇ. ನಮ್ಮಲ್ಲಿ ಥೋರಿಯಂ ಹೇರಳವಾಗಿದೆ ಎನ್ನುವವರು, ಅದು ತಾನಾಗಿ ಇಂಧನವಲ್ಲ, ರಿಯಾಕ್ಟರಿನಲ್ಲಿಟ್ಟು ಯುರೇನಿಯಂ-233 ಆಗಿ ಬದಲಾಯಿಸಬೇಕು ಎಂಬುದನ್ನು ಮರೆಯುತ್ತಾರೆ. ಜೊತೆಯಲ್ಲೇ ಹುಟ್ಟುವ ಯುರೇನಿಯಂ-232ರಿಂದಾಗಿ ತೀವ್ರ ಗಾಮಾ ವಿಕಿರಣ ಹೊಮ್ಮುವುದರಿಂದ ದಪ್ಪ ಗೋಡೆಯ ಈಚೆ ನಿಂತು ಯಂತ್ರಗಳ ಕೈಯಿಂದಲೇ ಇಂಧನವನ್ನು ರೂಪಿಸಬೇಕಾಗುತ್ತದೆ.

ಉತ್ತರ 3: ವಿಮಾನಯಾನ ಕ್ಷೇತ್ರದವಳು

ಮೊದಲ ಉತ್ತರದ ಲೆಕ್ಕ ಸರಿಯಿದ್ದರೂ, ಒಣಗಿಸಿ ಎಣ್ಣೆ ಹಿಂಡುವ ದಾರಿಯೊಂದನ್ನೇ ಅದು ಗಣನೆಗೆ ತೆಗೆದುಕೊಂಡಿದೆ. ಹಸಿ ಪಾಚಿಯನ್ನೇ ಭಾರೀ ಒತ್ತಡದಲ್ಲಿ ಸುಮಾರು 300 ಡಿಗ್ರಿಗೆ ಬೇಯಿಸಿದರೆ ಕಚ್ಚಾತೈಲದಂಥ ದ್ರವ ಸಿಗುತ್ತದೆ. ಆಗ ಎಣ್ಣೆಯ ಅಂಶ ಕಡಿಮೆಯಿರುವ, ಆದರೆ ಬೇಗ ಬೆಳೆಯುವ ಪಾಚಿಯೂ ಪ್ರಯೋಜನಕ್ಕೆ ಬರುತ್ತದೆ. ಊರಿನ ಕೊಳಚೆ ನೀರಿನಲ್ಲಿ ಬೆಳೆಸಿದರೆ ಸಾರಜನಕ, ರಂಜಕಗಳನ್ನು ಕೊಳ್ಳಬೇಕಾಗಿಲ್ಲ, ನೀರು ಶುದ್ಧವಾಗುವುದರ ಬೆಲೆಯೂ ಲೆಕ್ಕಕ್ಕೆ ಸೇರುತ್ತದೆ. ಕಾರಿಗೆ ಬ್ಯಾಟರಿ ಬಂದಿದೆ. ಖಂಡಾಂತರ ವಿಮಾನಕ್ಕೆ ದ್ರವ ಇಂಧನವೇ ಬೇಕು. ಪಾಚಿಯನ್ನು ಅಳೆಯಬೇಕಾದದ್ದು ಆ ಜಾಗದಲ್ಲಿ, ಡೀಸೆಲ್ ಬಂಕಿನಲ್ಲಲ್ಲ.

ಉತ್ತರ 1: ಜೈವಿಕ ತಂತ್ರಜ್ಞಾನದವನು

ಒಪ್ಪುತ್ತೇನೆ ಮೇಡಂ, ಆದರೆ ಹಾಗೆ ಬೇಯಿಸಿದಾಗ ಪ್ರೋಟೀನಿನ ಸಾರಜನಕ ಆ ತೈಲದಲ್ಲಿಯೇ ಉಳಿಯುತ್ತದೆ. ವಿಮಾನಕ್ಕೆ ಹಾಕುವ ಮೊದಲು ಜಲಜನಕ ಬಳಸಿ ಅದನ್ನು ತೆಗೆಯಬೇಕು. ಕೊಳಚೆ ನೀರಿನ ಪ್ರಮಾಣವೂ ಊರಿನ ಗಾತ್ರಕ್ಕೆ ಸೀಮಿತವಾದದ್ದು. ಸ್ವಚ್ಛ ನೀರಿನ ಜೊತೆಗೆ ಒಂದಿಷ್ಟು ಇಂಧನ ಎಂದರೆ ನಂಬುತ್ತೇನೆ. ದೇಶದ ಇಂಧನ ಎಂದರೆ ನಂಬುವುದಿಲ್ಲ.

ಪ್ರಶ್ನೆ ಕೇಳಿದವರು: ನಿವೃತ್ತ ಮೇಷ್ಟ್ರು

ಎಲ್ಲರಿಗೂ ಕೃತಜ್ಞತೆಗಳು. ಹಾಗಾದರೆ ನಮ್ಮ ಜಿಲ್ಲೆಯ ಕೈಗಾದಲ್ಲಿ ಬರಲಿರುವ ಹೊಸ ಘಟಕಗಳು ಈ ಯಾವ ಗುಂಪಿಗೆ ಸೇರುತ್ತವೆ?

ಉತ್ತರ 2: ಅಣುಸ್ಥಾವರದ ಮಾಜಿ ನೌಕರ

ಯಾವುದಕ್ಕೂ ಸೇರುವುದಿಲ್ಲ, ಮೇಷ್ಟ್ರೇ. ಅಲ್ಲಿನ ಹಳೆಯ ನಾಲ್ಕು ಘಟಕಗಳು ತಲಾ 220 ಮೆಗಾವಾಟಿನ ಭಾರಜಲ ರಿಯಾಕ್ಟರುಗಳು. ಮೊದಲನೆಯದು 962 ದಿನ ಎಡೆಬಿಡದೆ ನಡೆದು 2018ರ ಕೊನೆಯಲ್ಲಿ ಆ ಹೊತ್ತಿನ ವಿಶ್ವದಾಖಲೆ ಬರೆಯಿತು. ಐದು ಮತ್ತು ಆರನೆಯವು ಅದೇ ವಂಶದ 700 ಮೆಗಾವಾಟಿನವು, ಗುಜರಾತಿನ ಕಾಕ್ರಾಪಾರದಲ್ಲಿ ಈಗಾಗಲೇ ನಡೆಯುತ್ತಿರುವ ಮಾದರಿ. ಸಂಪುಷ್ಟಗೊಳಿಸಬೇಕಾಗಿಲ್ಲದ ಯುರೇನಿಯಂ ಸಾಕಾಗುವ, ನಮ್ಮವರು ಕಟ್ಟಿ ಪಳಗಿರುವ ವಿನ್ಯಾಸ ಅದು. 2025ರ ಕೇಂದ್ರ ಬಜೆಟ್ಟಿನಲ್ಲಿ ಸಣ್ಣ ರಿಯಾಕ್ಟರುಗಳಿಗಾಗಿ 20,000 ಕೋಟಿ ರೂಪಾಯಿಯ ಯೋಜನೆ ಪ್ರಕಟವಾಗಿದ್ದು, 2033ರೊಳಗೆ ಐದನ್ನಾದರೂ ನಡೆಸಬೇಕೆಂಬ ಗುರಿಯಿದೆ. ಕಲ್ಪಾಕ್ಕಂನ ಅನುಭವ ನೋಡಿದರೆ ಆ ಗಡುವಿನ ಬಗ್ಗೆ ನನಗೆ ಅನುಮಾನವಿದೆ. ಕೈಗಾದ ಘಟಕಗಳ ಬಗ್ಗೆ ಅಷ್ಟು ಇಲ್ಲ.