ಬೆಟ್ಟ ಹತ್ತುವ ಮಕ್ಕಳಿಗೆ ಬೆಟ್ಟದ ಪರಿಚಯವಾಗುತ್ತಿದೆಯೇ?

ಪ್ರಶ್ನೆ – ದೈಹಿಕ ಶಿಕ್ಷಣ ಶಿಕ್ಷಕ, ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮ ಪ್ರೌಢಶಾಲೆಯ ಮಕ್ಕಳನ್ನು ಭಾನುವಾರಗಳಂದು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿಸುತ್ತೇನೆ. ಚಳಿಗಾಲದಲ್ಲಿ ಪಾಂಡವಪುರದ ಕುಂತಿಬೆಟ್ಟಕ್ಕೆ ಚಾರಣ ಕರೆದೊಯ್ಯುತ್ತೇನೆ. ಅವರ ದಮ್ಮೂ ಧೈರ್ಯವೂ ಹೆಚ್ಚಿರುವುದು ನಿಜ. ಆದರೆ ಇಳಿದು ಬಂದ ಮೇಲೆ ದಾರಿಯಲ್ಲಿ ಏನು ಕಂಡಿರಿ ಎಂದು ಕೇಳಿದರೆ, ಎಷ್ಟು ನಿಮಿಷದಲ್ಲಿ ಹತ್ತಿದೆವು ಎಂಬುದನ್ನೇ ಹೇಳುತ್ತಾರೆ. ಹೊರಾಂಗಣ ಕ್ರೀಡೆಯಲ್ಲಿ ತೊಡಗಿದವರಿಗೆ ಪರಿಸರದ ಅರಿವು ತಾನಾಗಿಯೇ ಮೂಡುತ್ತದೆ ಎಂಬ ಮಾತನ್ನು ನಂಬಬಹುದೇ?

ಉತ್ತರ – ಶಿಲಾರೋಹಿ, ಪಾಂಡವಪುರ

ಸರ್, ತಾನಾಗಿಯೇ ಮೂಡುವುದಿಲ್ಲ. ಆಟವು ಯಾವುದರ ಮೇಲೆ ಕಣ್ಣಿಡಬೇಕೆಂದು ಕೇಳುತ್ತದೋ ಅಷ್ಟನ್ನು ಮಾತ್ರ ಕಲಿಸುತ್ತದೆ. ಬಂಡೆ ಏರುವವನು ಹಗ್ಗ ಕಟ್ಟುವ ಮೊದಲೇ ಮೇಲೆಲ್ಲಾದರೂ ಹೆಜ್ಜೇನು ಕಟ್ಟಿದೆಯೇ ಎಂದು ನೋಡಲೇಬೇಕು, ಏಕೆಂದರೆ ಹೊಗೆಗೋ ಗದ್ದಲಕ್ಕೋ ಅದು ಎದ್ದರೆ ಹಗ್ಗದಲ್ಲಿ ನೇತಾಡುವವನಿಗೆ ಓಡಲು ಜಾಗವಿರುವುದಿಲ್ಲ. ಕೊಂಬಿನ ಗೂಬೆಯ ವಿಷಯದಲ್ಲಿ ಅಂಥ ಭಯವಿಲ್ಲದ ಕಾರಣ ಯಾರೂ ಅದನ್ನು ಗಮನಿಸುವುದಿಲ್ಲ. ಅದು ಗೂಡು ಕಟ್ಟದೆ ಬಂಡೆಯ ಚಾಚಿನ ಮೇಲಿನ ಬರಿ ಮಣ್ಣಿನಲ್ಲೇ ಮೊಟ್ಟೆಯಿಡುತ್ತದೆ; ಅದೂ ಹೆಚ್ಚಾಗಿ ನವೆಂಬರಿನಿಂದ ಏಪ್ರಿಲ್‌ವರೆಗೆ, ಅಂದರೆ ನಾವೆಲ್ಲ ಚಾರಣಕ್ಕೆ ಹೊರಡುವ ತಿಂಗಳುಗಳಲ್ಲೇ. ಬಂಡೆಗೆ ತೊಗಟೆಯಂತೆ ಅಂಟಿದ ಕಲ್ಲುಹೂವನ್ನೂ ಮಕ್ಕಳಿಗೆ ತೋರಿಸಿ. ಸಾಮಾನ್ಯವಾಗಿ ಅದು ವರ್ಷಕ್ಕೆ ಒಂದೆರಡು ಮಿಲಿಮೀಟರ್‌ನಷ್ಟೂ ಹರಡುವುದಿಲ್ಲವೆಂದು ತಿಳಿದ ಹುಡುಗ, ಅದರ ಮೇಲೆ ಹೆಸರು ಕೆತ್ತುವ ಮುನ್ನ ಯೋಚಿಸುತ್ತಾನೆ. ಹೆಸರು ಕೆತ್ತಿದ ಬಂಡೆಗಳನ್ನು ಕಂಡಾಗ ನನಗಂತೂ ಸಂಕಟವಾಗುತ್ತದೆ.

ಉತ್ತರ – ಪಕ್ಷಿವೀಕ್ಷಕಿ, ಮೈಸೂರು

ಮೇಲಿನವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಓಟವನ್ನು ಅಷ್ಟು ಬೇಗ ತಳ್ಳಿಹಾಕಬೇಡಿ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ವರ್ಷವಿಡೀ ಓಡುವವರಲ್ಲಿ ಹಲವರು ಹಕ್ಕಿಗಳ ಪುಸ್ತಕವನ್ನೇ ತೆರೆದವರಲ್ಲ. ಆದರೂ ಹೆಜ್ಜಾರ್ಲೆಗಳು ಯಾವಾಗ ಹೆಚ್ಚಿದವು, ನೀರು ಯಾವಾಗ ಹಸಿರುಗಟ್ಟಿ ನಾತ ಬಂತು ಎಂಬುದನ್ನು ಸರಿಯಾಗಿ ಹೇಳುತ್ತಾರೆ. ಒಂದೇ ಜಾಗಕ್ಕೆ ಎಲ್ಲ ಋತುಗಳಲ್ಲೂ ಹೋಗುವುದರಿಂದ ಬರುವ ಅರಿವು ಅದು. ಆದ್ದರಿಂದ ಪ್ರತಿ ಸಲವೂ ಹೊಸ ಬೆಟ್ಟ ಹುಡುಕುವ ಬದಲು ಒಂದನ್ನೇ ಆರಿಸಿಕೊಂಡು ಮಳೆಗಾಲ, ಚಳಿಗಾಲ, ಬೇಸಿಗೆಗಳಲ್ಲಿ ಹೋಗಿ. ಸೈಕಲ್ ತುಳಿಯುವ ಮಕ್ಕಳಿದ್ದರೆ ರಂಗನತಿಟ್ಟಿನವರೆಗೆ ಕರೆದೊಯ್ಯಿರಿ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ಆ ಸ್ಥಳ 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಇನ್ನೂ ಒಳ್ಳೆಯ ಪಾಠ; ಅಲ್ಲಿ ಊರ ನಡುವಿನ ಹುಣಸೆ ಮರಗಳಲ್ಲೇ ಹಕ್ಕಿಗಳು ಮರಿ ಮಾಡುತ್ತವೆ, ಊರವರು ಅವುಗಳೊಂದಿಗೆ ಬಾಳುತ್ತಾರೆ.

ಉತ್ತರ – ನಿವೃತ್ತ ಭೂಗೋಳ ಉಪನ್ಯಾಸಕ, ಮಂಡ್ಯ

ಒಂದು ವಿಷಯವನ್ನು ಸೇರಿಸಬೇಕು. ನಮ್ಮ ಆಟದಿಂದಲೇ ಬೆಟ್ಟಕ್ಕೆ ಏನಾಗುತ್ತದೆ ಎಂಬುದನ್ನೂ ಮಕ್ಕಳು ನೋಡಬೇಕು. ಸಮಯ ಉಳಿಸಲು ಮೆಟ್ಟಿಲು ಬಿಟ್ಟು ಅಡ್ಡದಾರಿ ಹಿಡಿದರೆ, ತುಳಿದ ಕಡೆ ಹುಲ್ಲು ಸತ್ತು ಮಣ್ಣು ಗಟ್ಟಿಯಾಗುತ್ತದೆ. ಗಟ್ಟಿಯಾದ ನೆಲ ನೀರನ್ನು ಹೀರದೆ ಹರಿಯಬಿಡುತ್ತದೆ, ಕಾಲುದಾರಿ ಕೊರಕಲಾಗುತ್ತದೆ. 2021ರ ಹಿಂಗಾರು ಮಳೆಗೆ ಚಾಮುಂಡಿ ಬೆಟ್ಟದಲ್ಲಿ ನಂದಿಗೆ ಹೋಗುವ ರಸ್ತೆಯೇ ಕುಸಿಯಿತು. ಅದಕ್ಕೆ ಕಾಲುದಾರಿ ಕಾರಣವೆಂದು ನಾನು ಹೇಳುತ್ತಿಲ್ಲ. ಇಳಿಜಾರಿನಲ್ಲಿ ನೀರಿಗೆ ಎಷ್ಟು ಬಲವಿದೆ ಎಂಬುದನ್ನು ವಿವರಿಸಲು ಅದಕ್ಕಿಂತ ಹತ್ತಿರದ ಉದಾಹರಣೆ ನಿಮಗೆ ಸಿಗಲಾರದು. ಮೊದಲ ಮಳೆ ನಿಂತ ಮರುದಿನ ಗಡಿಯಾರಗಳನ್ನು ಕೆಳಗೇ ಬಿಡಿಸಿ, ಅಂಥ ಅಡ್ಡದಾರಿಯೊಂದರ ಪಕ್ಕ ಮಕ್ಕಳನ್ನು ನಿಲ್ಲಿಸಿ, ಮಣ್ಣು ಎಲ್ಲಿಂದ ಕೊಚ್ಚಿಹೋಗಿ ಎಲ್ಲಿ ಶೇಖರವಾಗಿದೆ ಎಂದು ಅವರಿಂದಲೇ ಗುರುತು ಹಾಕಿಸಿ.