ಹಳೇ ಕೋಟೆ ಹೋಟೆಲ್, ಹಳೇ ಇನ್‌ಗಳಲ್ಲಿ ಉಳ್ಕೊಂಡಿರೋರು ಇದ್ದೀರಾ? ರೂಮ್ ಹೇಗೆ ಆರಿಸ್ಬೇಕು?

ಅಲೆಮಾರಿ:
ಎಲ್ರಿಗೂ ನಮಸ್ಕಾರ. ಇಂಗ್ಲೆಂಡ್, ಸ್ಪೇನ್ ಕಡೆ ಹೋಗೋ ಪ್ಲಾನ್ ಇದೆ, ಜೊತೆಗೆ ಅಮ್ಮ ಬರ್ತಾರೆ, ಅವ್ರಿಗೆ ಮಂಡಿನೋವು. ಹಳೇ ಕೋಟೆಲೋ ಇನ್‌ನಲ್ಲೋ (ಹಳೇ ಕಾಲದ ಛತ್ರದಂಥ ವಸತಿಗೃಹ) ಉಳ್ಕೋಬೇಕು ಅಂತ ಬಹಳ ದಿನದ ಆಸೆ, ಟಿಕೆಟ್ ತಗೊಂಡು ನೋಡ್ಕೊಂಡು ಬರೋದಲ್ಲ, ರಾತ್ರಿ ಅಲ್ಲೇ ಮಲಗಿ ಬೆಳಗ್ಗೆ ಅಲ್ಲೇ ಏಳ್ಬೇಕು. ಆದ್ರೆ ಫೋಟೋದಲ್ಲಿ ಯಾವುದು ನಿಜವಾಗ್ಲೂ ಹಳೇದು, ಯಾವುದು ಹಳೇ ಥರ ಕಟ್ಟಿರೋದು ಅಂತ ಗೊತ್ತಾಗ್ತಿಲ್ಲ. ಮೆಟ್ಟಿಲು, ಚಳಿ, ಬಾತ್‌ರೂಮು ಎಲ್ಲ ಹೇಗಿರತ್ತೆ?

ಕಲ್ಲುಗೋಡೆ:
ಮೊದಲು ಅಮ್ಮನ ಮಂಡಿ ವಿಷ್ಯ ನೋಡ್ಕೊಳ್ಳಿ. ಇಂಗ್ಲೆಂಡಲ್ಲಿ ಇಂಥ ಕಟ್ಟಡ ಹೆಚ್ಚಿನವು ಲಿಸ್ಟೆಡ್ ಬಿಲ್ಡಿಂಗ್, ಅಂದ್ರೆ ಕಾನೂನಿನ ರಕ್ಷಣೆ ಇರೋ ಹಳೇ ಕಟ್ಟಡ, ಪರ್ಮಿಷನ್ ಇಲ್ದೆ ಒಳಗಿನ ಗೋಡೆ ಒಡೆಯೋ ಹಾಗಿಲ್ಲ, ಹಳೇ ಕಿಟಕಿ ಕಿತ್ತು ಹೊಸದು ಹಾಕೋ ಹಾಗಿಲ್ಲ, ಅದಕ್ಕೇ ತುಂಬಾ ಕಡೆ ಲಿಫ್ಟ್ ಇರಲ್ಲ, ಕಿಟಕಿ ಸಂದಿಯಿಂದ ಗಾಳಿ ನುಗ್ಗತ್ತೆ. ರೈ ಅನ್ನೋ ಊರಲ್ಲಿ ಮರ್ಮೇಡ್ ಇನ್ ಇದೆ, ನೆಲಮಾಳಿಗೆ 1156ರದ್ದು ಅಂತಾರೆ, ಮೇಲಿನ ಕಟ್ಟಡ 1420ರಲ್ಲಿ ಮತ್ತೆ ಕಟ್ಟಿದ್ದು, 18ನೇ ಶತಮಾನದಲ್ಲಿ ಹಾಕ್‌ಹರ್ಸ್ಟ್ ಗ್ಯಾಂಗ್ ಅನ್ನೋ ಕಳ್ಳಸಾಗಣೆಯವ್ರು ಅಲ್ಲೇ ಬಂದು ಕೂರ್ತಿದ್ರು. ಆ ಕಾಲದಲ್ಲಿ ಓಕ್ ಮರ ಹಸಿ ಇರುವಾಗ್ಲೇ ಚೌಕಟ್ಟು ಮಾಡ್ತಿದ್ರು, ಒಣಗ್ತಾ ಒಣಗ್ತಾ ಬಾಗತ್ತೆ, ಹಾಗಾಗಿ ಇಂಥ ಕಟ್ಟಡಗಳಲ್ಲಿ ನೆಲ ಒಂದ್ಕಡೆ ವಾಲಿರತ್ತೆ, ಜೊತೆಗೆ ತೊಲೆ ತಲೆಗೆ ತಾಗೋ ಅಷ್ಟು ಕೆಳಗಿರತ್ತೆ. ನನಗಂತೂ ಅದೇ ಇಷ್ಟ. ಆದ್ರೆ ರಾತ್ರಿ ಕತ್ತಲಲ್ಲಿ ಅಮ್ಮ ಎದ್ದು ಓಡಾಡೋದನ್ನ ಯೋಚ್ನೆ ಮಾಡಿ.

ಬುಕ್ ಮಾಡೋ ಮುಂಚೆ ಮೇಲ್ ಹಾಕಿ, ರೂಮು ಮೇನ್ ಕಟ್ಟಡದಲ್ಲೋ ಪಕ್ಕದ ಹೊಸ ಬ್ಲಾಕ್‌ನಲ್ಲೋ, ಎಷ್ಟು ಮೆಟ್ಟಿಲು, ಸ್ನಾನಕ್ಕೆ ಶವರೋ ಇಲ್ಲಾ ಎತ್ತರದ ಟಬ್ಬೋ. ಟಬ್ ಒಳಗೆ ಕಾಲೆತ್ತಿ ಇಡೋದು ಮಂಡಿನೋವಿರೋರಿಗೆ ಮೆಟ್ಟಿಲಿಗಿಂತ ಕಷ್ಟ.

ದಾರಿಹೋಕ:
ಸ್ಪೇನ್ ಹೋಗ್ತಿದ್ರೆ ಪರದೋರ್ ಬಿಡ್ಬೇಡಿ. ಸರ್ಕಾರದ್ದೇ ಹೋಟೆಲ್ ಸರಣಿ, ಮೊದಲನೇದು 1928ರಲ್ಲಿ ಗ್ರೇದೋಸ್ ಬೆಟ್ಟದಲ್ಲಿ ಶುರುವಾಗಿದ್ದು, ಆಮೇಲೆ ಪಾಳು ಬೀಳ್ತಿದ್ದ ಕೋಟೆ, ಮಠ ಎಷ್ಟೋ ರಿಪೇರಿ ಮಾಡಿ ಹೋಟೆಲ್ ಮಾಡಿದ್ರು, ಜನ ಬಂದು ಉಳ್ಕೊಳ್ಳೋದ್ರಿಂದ್ಲೇ ಕಟ್ಟಡ ಉಳೀತು. ಸಾಂತಿಯಾಗೋ ಅನ್ನೋ ಯಾತ್ರಾಸ್ಥಳದಲ್ಲಿ ಇರೋ ಪರದೋರ್ ಕೋಟೆ ಅಲ್ಲ, 1499ರಲ್ಲಿ ರಾಜ ಫರ್ಡಿನೆಂಡ್, ರಾಣಿ ಇಸಾಬೆಲ್ಲಾ ಯಾತ್ರಿಕರಿಗೋಸ್ಕರ ಕಟ್ಟೋಕೆ ಆಜ್ಞೆ ಕೊಟ್ಟ ಆಸ್ಪತ್ರೆ. ಕೆಥೆಡ್ರಲ್ ಇರೋ ಚೌಕದಲ್ಲೇ, ಒಳಗೆ ನಾಲ್ಕು ಅಂಗಳ. ದಣಿದು ಬಂದೋರಿಗೆ ಅಂತ ಕಟ್ಟಿದ ಜಾಗದಲ್ಲಿ ಇವತ್ತೂ ಜನ ಬಂದು ಮಲಗ್ತಾರಲ್ಲ, ಅದು ನನಗೆ ಯಾವ ಕೋಟೆಗಿಂತ್ಲೂ ದೊಡ್ಡದು ಅನ್ಸತ್ತೆ.

ಹಳೇದೋ ಹೊಸದೋ ಅಂತ ಕೇಳಿದ್ರಲ್ಲ, ಹಾಏನ್ ಊರಿನ ಪರದೋರ್ ಬೆಟ್ಟದ ಮೇಲೆ ಹಳೇ ಕೋಟೆ ಪಕ್ಕದಲ್ಲೇ ಇದೆ, ಕಟ್ಟಿದ್ದು ಮಾತ್ರ 20ನೇ ಶತಮಾನದಲ್ಲಿ. ಬೇರೆ ಕಡೆನೂ ವೆಬ್‌ಸೈಟಲ್ಲಿ ಕೋಟೆ ಅಂತ ಹಾಕಿದ ತಕ್ಷಣ ನಂಬ್ಬೇಡಿ.

ಹಳೇಬಾಗಿಲು:
ಗೋಡೆ ಹಳೇದಿದ್ರೇನೇ ಹಳೇದು ಅನ್ನೋದನ್ನ ನಾನು ಒಪ್ಪಲ್ಲ. ಜಪಾನಿನ ಕೇಯುನ್ಕಾನ್ 705ರಲ್ಲಿ ಶುರುವಾಗಿದ್ದು, ಜಗತ್ತಿನ ಅತಿ ಹಳೇ ಹೋಟೆಲ್ ಅಂತ ಗಿನ್ನೆಸ್ ದಾಖಲೆ ಇದೆ, ಈಗಿರೋ ಕಟ್ಟಡ ಆ ಕಾಲದ್ದಲ್ಲ, ಆದ್ರೆ ಅದೇ ಬಿಸಿನೀರಿನ ಬುಗ್ಗೆ, ಬಂದೋರನ್ನ ನೋಡ್ಕೊಳ್ಳೋ ಅದೇ ಕೆಲ್ಸ. ಇಂಗ್ಲೆಂಡಿನ ಥಾರ್ನ್‌ಬರಿ ಕೋಟೆ ತಗೊಳ್ಳಿ, ಬಕಿಂಗ್‌ಹ್ಯಾಮ್ ಡ್ಯೂಕ್ 1511ರಲ್ಲಿ ಕಟ್ಟಕ್ಕೆ ಶುರು ಮಾಡಿದ, 1521ರಲ್ಲಿ ದೇಶದ್ರೋಹದ ಆರೋಪದ ಮೇಲೆ ಅವನ ತಲೆ ತೆಗೆಸಿ ರಾಜ ಎಂಟನೇ ಹೆನ್ರಿ ಕೋಟೆ ಕಿತ್ಕೊಂಡ, 1535ರಲ್ಲಿ ರಾಣಿ ಆನ್ ಬೊಲಿನ್ ಜೊತೆ ಅಲ್ಲೇ ಬಂದು ಉಳ್ಕೊಂಡ. ಈಗ ಅದು ಹೋಟೆಲ್, ಅಲ್ಲಿ ಗೋಡೆ ಅದೇ, ಕೆಲ್ಸ ಬೇರೆ. ನಿಮಗೆ ಯಾವುದು ಬೇಕು ಅಂತ ಮೊದಲು ತೀರ್ಮಾನ ಮಾಡ್ಕೊಳ್ಳಿ.

ಅಲೆಮಾರಿ:
ಎಲ್ರಿಗೂ ಥ್ಯಾಂಕ್ಸ್. ಸಾಂತಿಯಾಗೋಗೆ ಇವತ್ತೇ ಮೇಲ್ ಹಾಕ್ತೀನಿ, ಲಿಫ್ಟ್ ಹತ್ರದ ರೂಮು, ಶವರ್ ಇರೋದು. ಇಂಗ್ಲೆಂಡಲ್ಲಿ ನೆಲಮಹಡಿ ರೂಮ್ ಸಿಕ್ರೆ ಮಾತ್ರ ಹಳೇ ಇನ್. ಚಳಿಗಾಲದಲ್ಲಿ ಹೋಗ್ಬಹುದಾ?

ಕಲ್ಲುಗೋಡೆ:
ಅಮ್ಮ ಜೊತೆಗಿದ್ರೆ ಮೇ, ಜೂನ್ ನೋಡಿ. ದಪ್ಪ ಕಲ್ಲುಗೋಡೆ ಒಂದ್ಸಲ ತಣ್ಣಗಾದ್ರೆ ಬೇಗ ಬಿಸಿ ಆಗಲ್ಲ, ಹೀಟರ್ ಇದ್ರೂ ಅಷ್ಟೇ.