ಮಗಳ ಹಳೆಯ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಮಿಂಟ್: ವಾರದ ದಿನಗಳಲ್ಲಿ ಮಾತ್ರ ಲಾಗಿನ್ ಆದ ಕೂಡಲೇ ಹೊರಗೆ ಹಾಕುತ್ತಿದೆ

ಹಾಸನದ ಮೇಷ್ಟ್ರಮ್ಮ | ಸೋಮವಾರ, ಬೆಳಿಗ್ಗೆ 7:12

ಎಲ್ಲರಿಗೂ ನಮಸ್ಕಾರ. ಮೂರು ವಾರಗಳಿಂದ ಈ ಯಂತ್ರದೊಂದಿಗೆ ಗುದ್ದಾಡಿ ಸಾಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ಐದನೆಯ ತರಗತಿಯಲ್ಲಿ ಓದುವ ನನ್ನ ಮಗಳಿಗೆ ಅವಳ ಸೋದರಮಾವ ತಾನು ಬಳಸಿ ಬಿಟ್ಟ ಲ್ಯಾಪ್‌ಟಾಪನ್ನು ಕೊಟ್ಟಿದ್ದಾನೆ. ನಾಲ್ಕನೆಯ ತಲೆಮಾರಿನ ಐ3, 4 ಜಿಬಿ ರ‍್ಯಾಮ್. ಹಾರ್ಡ್ ಡಿಸ್ಕ್ ತೆಗೆಸಿ 240 ಜಿಬಿಯ ಎಸ್‌ಎಸ್‌ಡಿ ಹಾಕಿಸಿದ್ದೇವೆ. ಅದರಲ್ಲಿದ್ದ ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದರಿಂದಲೂ, ವಿಂಡೋಸ್ 11 ಇಷ್ಟು ಹಳೆಯ ಪ್ರೊಸೆಸರನ್ನು ಒಪ್ಪದಿದ್ದರಿಂದಲೂ ಮಿಂಟ್ 22ರ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಹಾಕಿದೆ. ಮಗಳ ಖಾತೆಗೆ ಅಡ್ಮಿನ್ ಅಧಿಕಾರವಿಲ್ಲ. ದಿನಕ್ಕೆ ಒಂದು ಗಂಟೆ ಎಂದು ಟೈಮ್‌ಕೆಪಿಆರ್ ನೆಕ್ಸ್ಟ್ ಎಂಬ, ಬಳಕೆಯ ಸಮಯ ಎಣಿಸುವ ತಂತ್ರಾಂಶದಲ್ಲಿ ಮಿತಿ ಹಾಕಿದ್ದೇನೆ.

ತೊಂದರೆ ಇಷ್ಟು: ಬೆಳಿಗ್ಗೆ ಆರೂವರೆಗೆ ಅವಳು ಲಾಗಿನ್ ಆದರೆ, "ನಿಮ್ಮ ಸಮಯ ಮುಗಿದಿದೆ" ಎಂಬರ್ಥದ ಸೂಚನೆ ಬಂದು ಕಾಲು ನಿಮಿಷದೊಳಗೆ ಹೊರಗೆ ಹಾಕುತ್ತದೆ. ಒಂದೊಂದು ದಿನ ಹತ್ತು ನಿಮಿಷ ಬಿಟ್ಟು ಹಾಕುತ್ತದೆ. ಇವತ್ತು ಅವಳು ಟೈಪು ಮಾಡುತ್ತಿದ್ದ "ನಮ್ಮ ಊರ ಜಾತ್ರೆ" ಪ್ರಬಂಧದ ಅರ್ಧ ಭಾಗ ಹೋಯಿತು. ಅವಳು ಅಳುತ್ತಲೇ ಶಾಲೆಗೆ ಹೋದಳು. ಶನಿವಾರ, ಭಾನುವಾರ ಮಾತ್ರ ಎಲ್ಲವೂ ಸರಿಯಾಗಿರುತ್ತದೆ. ದಯವಿಟ್ಟು ಯಾರಾದರೂ ದಾರಿ ತೋರಿಸಿ.

ಪುದೀನಾ ಪ್ರಿಯ | ಸೋಮವಾರ, ಬೆಳಿಗ್ಗೆ 9:05

ಉತ್ತರ ನಿಮ್ಮ ಪ್ರಶ್ನೆಯಲ್ಲಿಯೇ ಇದೆ ಮೇಡಂ. ಶನಿವಾರ, ಭಾನುವಾರ ಸರಿಯಿದ್ದು ಉಳಿದ ದಿನ ಕೆಡುತ್ತದೆ ಎಂದರೆ ಟೈಮ್‌ಕೆಪಿಆರ್‌ನಲ್ಲಿ ವಾರದ ಪ್ರತಿ ದಿನಕ್ಕೂ ಪ್ರತ್ಯೇಕವಾಗಿ ಕೊಡಬೇಕಾದ ಮಿತಿಯನ್ನು ನೀವು ಎರಡು ದಿನಕ್ಕೆ ಮಾತ್ರ ಕೊಟ್ಟಿದ್ದೀರಿ. ಏಳೂ ದಿನಗಳ ಸಾಲನ್ನು ಒಂದೊಂದಾಗಿ ನೋಡಿ.

ಹಳೇ ಪೆಟ್ಟಿಗೆ | ಸೋಮವಾರ, ಬೆಳಿಗ್ಗೆ 11:30

4 ಜಿಬಿಯಲ್ಲಿ ಬ್ರೌಸರ್ ಮತ್ತು ಲಿಬ್ರೆ ಆಫೀಸ್ ಎರಡನ್ನೂ ತೆರೆದರೆ ಮೆಮೊರಿ ತುಂಬಿ ಸೆಷನ್ ಸಾಯುವುದುಂಟು. ನಾನಾಗಿದ್ದರೆ ಮಿಂಟ್ ಬಿಟ್ಟು ಕ್ರೋಮ್ ಓಎಸ್ ಫ್ಲೆಕ್ಸ್ ಹಾಕುತ್ತಿದ್ದೆ. ಮಕ್ಕಳಿಗೆ ಬ್ರೌಸರ್ ಒಂದಿದ್ದರೆ ಸಾಕು, ಕೆಡಿಸಲು ಬೇರೇನೂ ಇರುವುದಿಲ್ಲ.

ಹಾಸನದ ಮೇಷ್ಟ್ರಮ್ಮ | ಸೋಮವಾರ, ರಾತ್ರಿ 8:50

ಏಳೂ ದಿನಕ್ಕೆ 1 ಗಂಟೆ ಎಂದೇ ಇದೆ, ಎರಡು ಬಾರಿ ನೋಡಿದೆ. ಮೆಮೊರಿ ತುಂಬಿ ಸತ್ತದ್ದಾದರೆ ಸಮಯ ಮುಗಿಯಿತೆಂಬ ಸೂಚನೆ ಬರುವುದಿಲ್ಲವಲ್ಲವೇ? ಮನೆಯಲ್ಲಿ ಇಂಟರ್ನೆಟ್ ಸದಾ ಇರುವುದಿಲ್ಲ, ಆದ್ದರಿಂದ ಬ್ರೌಸರ್ ಒಂದನ್ನೇ ನಂಬಿದ ವ್ಯವಸ್ಥೆ ನಮಗೆ ಆಗದು.

ಪುದೀನಾ ಪ್ರಿಯ | ಸೋಮವಾರ, ರಾತ್ರಿ 9:20

ಪರದೆಯಲ್ಲಿ 1 ಗಂಟೆ ಎಂದು ಕಂಡರೂ ಉಳಿಸುವ ಗುಂಡಿಯನ್ನು ಒತ್ತದಿದ್ದರೆ ಅದು ಜಾರಿಗೆ ಬರುವುದಿಲ್ಲ. ಟೈಮ್‌ಕೆಪಿಆರನ್ನು ಪೂರ್ತಿ ತೆಗೆದು, ಅದು ಬಳಕೆದಾರರ ಲೆಕ್ಕವಿಡುವ ಫೈಲುಗಳನ್ನೂ ಅಳಿಸಿ, ಹೊಸದಾಗಿ ಹಾಕಿ. ನನ್ನ ಅನುಭವದಲ್ಲಿ ಹತ್ತಕ್ಕೆ ಒಂಬತ್ತು ಸಲ ತಪ್ಪಿರುವುದು ಇಲ್ಲಿಯೇ.

ಮನೆ ಕಾವಲುಗಾರ | ಸೋಮವಾರ, ರಾತ್ರಿ 10:02

ಎಲ್ಲರೂ ತಂತ್ರಾಂಶವನ್ನೇ ಬೈಯುತ್ತಿದ್ದೀರಿ. ಮಕ್ಕಳು ನಾವೆಣಿಸಿದ್ದಕ್ಕಿಂತ ಚುರುಕಾಗಿರುತ್ತಾರೆ. ನೀವು ಮಲಗಿದ ಮೇಲೆ, ಅಂದರೆ ರಾತ್ರಿ ಹನ್ನೆರಡು ದಾಟಿದ ನಂತರ, ಅವಳೇ ಎದ್ದು ಆ ದಿನದ ಗಂಟೆಯನ್ನು ಮುಗಿಸುತ್ತಿರಬಹುದು. ನಮ್ಮ ಮನೆಯಲ್ಲಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಮೇಲೆ, ಬೇಡದ ತಾಣಗಳನ್ನು ತಡೆಯುವ ಪೈ-ಹೋಲ್ ತಂತ್ರಾಂಶ ಕೂರಿಸಿ, ಮೂರು ಹಳೆಯ ಯಂತ್ರ, ಎರಡು ಟ್ಯಾಬ್ ಮತ್ತು ಟಿವಿಯ ಡಿಎನ್‌ಎಸ್ (ತಾಣದ ಹೆಸರಿನಿಂದ ಅದರ ವಿಳಾಸ ಹುಡುಕುವ ವ್ಯವಸ್ಥೆ) ಎಲ್ಲವನ್ನೂ ಅದರ ಮೂಲಕವೇ ಹಾಯಿಸಿದ್ದೇನೆ. ಯಾರು ಎಷ್ಟು ಹೊತ್ತಿಗೆ ಯಾವ ತಾಣಕ್ಕೆ ಹೋದರೆಂಬುದು ನನ್ನ ಫೋನಿನಲ್ಲಿಯೇ ಕಾಣುತ್ತದೆ. ಹಳೆಯ ನೆಟ್‌ವರ್ಕ್ ಸ್ವಿಚ್ ಒಂದನ್ನು ಕೂಡ ಮೊನ್ನೆ ಸೇರಿಸಿದೆ, ಎಂಟು ಪೋರ್ಟಿನದು.

ಬೆಸುಗೆ ಕಡ್ಡಿ | ಸೋಮವಾರ, ರಾತ್ರಿ 10:15

ಕಾವಲುಗಾರರೇ, ಅವರ ಮನೆಯಲ್ಲಿ ಇಂಟರ್ನೆಟ್ಟೇ ಸದಾ ಇಲ್ಲವೆಂದು ಮೇಲೆ ಬರೆದಿದ್ದಾರೆ. ನಿಮ್ಮ ಎಂಟು ಪೋರ್ಟುಗಳು ಇಲ್ಲಿ ಏನು ಮಾಡಬೇಕು?

ಮೇಷ್ಟ್ರಮ್ಮನವರೇ, ಎರಡು ಪ್ರಶ್ನೆ. ಇಂಟರ್ನೆಟ್ ಯಾವಾಗ ಇರುತ್ತದೆ, ಹೇಗೆ ಬರುತ್ತದೆ? ಹೊರಗೆ ಹಾಕುವ ಆ ಕ್ಷಣದಲ್ಲಿ ಪರದೆಯ ಮೂಲೆಯ ಗಡಿಯಾರ ಎಷ್ಟು ತೋರಿಸುತ್ತದೆ?

ಕೀಲಿಮಣೆ | ಮಂಗಳವಾರ, ಬೆಳಿಗ್ಗೆ 6:40

ಮಗು ಕನ್ನಡದಲ್ಲಿ ಪ್ರಬಂಧ ಟೈಪು ಮಾಡುತ್ತಿದೆ ಎಂಬುದನ್ನು ಓದಿ ಸಂತೋಷವಾಯಿತು. ಯಾವ ಕೀಲಿ ವಿನ್ಯಾಸ ಹಾಕಿಕೊಟ್ಟಿದ್ದೀರಿ? ಲಿನಕ್ಸ್‌ನಲ್ಲಿ ಕನ್ನಡ ಟೈಪು ಮಾಡಲು ಬಳಸುವ ಐಬಸ್‌ನ ಎಂ17ಎನ್ ಕಟ್ಟಿನಲ್ಲಿ ಕೆಜಿಪಿ, ಇನ್‌ಸ್ಕ್ರಿಪ್ಟ್ ಎರಡೂ ಸಿಗುತ್ತವೆ. ಮಕ್ಕಳಿಗೆ ಮೊದಲಿನಿಂದಲೇ ಇನ್‌ಸ್ಕ್ರಿಪ್ಟ್ ಕಲಿಸಿದರೆ ಮುಂದೆ ಯಾವ ಭಾರತೀಯ ಭಾಷೆಗೂ ಕೈ ಕೂರುತ್ತದೆ.

ಪುದೀನಾ ಪ್ರಿಯ | ಮಂಗಳವಾರ, ಬೆಳಿಗ್ಗೆ 7:15

ಕನ್ನಡದ ಮಗುವಿಗೆ ಕೆಜಿಪಿಯೇ ಸರಿ. ಅದೇ ವಿನ್ಯಾಸದ ನುಡಿ ತಂತ್ರಾಂಶದಲ್ಲಿ ಕಲಿತ ಬೆರಳು ಎಲ್ಲಿಗೆ ಹೋದರೂ ಒತ್ತಕ್ಷರಕ್ಕೆ ಎಫ್ ಕೀಲಿಯನ್ನೇ ಹುಡುಕುತ್ತದೆ. ಇನ್‌ಸ್ಕ್ರಿಪ್ಟ್ ಕಲಿತವರನ್ನು ನಮ್ಮ ಕಚೇರಿಯಲ್ಲಿ ನಾನು ಒಬ್ಬರನ್ನೂ ನೋಡಿಲ್ಲ.

ಕೀಲಿಮಣೆ | ಮಂಗಳವಾರ, ಬೆಳಿಗ್ಗೆ 7:31

ನಿಮ್ಮ ಕಚೇರಿಯಲ್ಲಿ ಇಲ್ಲ ಎಂದಾಕ್ಷಣ ನಾಡಿನಲ್ಲೇ ಇಲ್ಲ ಎಂದಾಗುವುದಿಲ್ಲ.

ಹಾಸನದ ಮೇಷ್ಟ್ರಮ್ಮ | ಮಂಗಳವಾರ, ರಾತ್ರಿ 9:10

ಕೆಜಿಪಿಯನ್ನೇ ಹಾಕಿದ್ದೇನೆ, ಆ ಜಗಳ ಇಲ್ಲಿಗೆ ಸಾಕು. ಟೈಮ್‌ಕೆಪಿಆರನ್ನು ತೆಗೆದು ಮತ್ತೆ ಹಾಕಿದ್ದೂ ಆಯಿತು; ಇವತ್ತು ಬೆಳಿಗ್ಗೆ ಅದೇ ಹಾಡು.

ಮನೆ ಕಾವಲುಗಾರರು ಹೇಳಿದ್ದನ್ನು ನಂಬಿ, ರಾತ್ರಿ ಎದ್ದು ಕೂರುತ್ತೀಯಾ ಎಂದು ಮಗಳನ್ನು ಗದರಿದೆ. ಅವಳು ಮುಖ ಊದಿಸಿಕೊಂಡು, "ನಾನಲ್ಲ, ಅದಕ್ಕೇ ರಾತ್ರಿ. ಬೆಳಿಗ್ಗೆ ಆನ್ ಮಾಡಿದರೂ ಅದರಲ್ಲಿ ಎಂಟೂವರೆ ಎಂದಿರುತ್ತದೆ" ಎಂದಳು. ಬೆಸುಗೆ ಕಡ್ಡಿಯವರು ಗಡಿಯಾರವನ್ನು ಕೇಳಿದ್ದು ಆಗ ನೆನಪಾಯಿತು.

ಇಂಟರ್ನೆಟ್ ಬರುವುದು ನಮ್ಮ ಮನೆಯವರ ಫೋನಿನ ಹಾಟ್‌ಸ್ಪಾಟ್‌ನಿಂದ. ವಾರದ ದಿನಗಳಲ್ಲಿ ಅವರು ಬೆಳಿಗ್ಗೆ ಆರಕ್ಕೇ ಪಾಳಿಗೆ ಹೊರಡುತ್ತಾರೆ, ಸಂಜೆ ಏಳಕ್ಕೆ ಬರುತ್ತಾರೆ. ಮಗಳು ಆ ಮೇಲೆ ಎಂಟೂವರೆವರೆಗೆ ಬಳಸುತ್ತಾಳೆ.

ಬೆಸುಗೆ ಕಡ್ಡಿ | ಮಂಗಳವಾರ, ರಾತ್ರಿ 9:34

ನಿಮ್ಮ ಮಗಳು ನಮ್ಮೆಲ್ಲರಿಗಿಂತ ಮೊದಲೇ ಕಂಡುಹಿಡಿದಿದ್ದಾಳೆ. ಯಂತ್ರ ಆರಿದ್ದಾಗ ಗಂಟೆ ಮುಂದಕ್ಕೆ ಹೋಗುತ್ತಿಲ್ಲ. ಬೆಳಿಗ್ಗೆ ಆರೂವರೆಗೆ ಆನ್ ಮಾಡಿದಾಗ ಅದರ ಲೆಕ್ಕದಲ್ಲಿ ಇನ್ನೂ ಹಿಂದಿನ ರಾತ್ರಿ ಎಂಟೂವರೆ; ಆ ದಿನದ ಒಂದು ಗಂಟೆ ಆಗಲೇ ಖರ್ಚಾಗಿದೆ, ಆದ್ದರಿಂದ ಟೈಮ್‌ಕೆಪಿಆರ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ. ಹಿಂದಿನ ರಾತ್ರಿ ಹತ್ತು ನಿಮಿಷ ಉಳಿಸಿದ್ದರೆ ಬೆಳಿಗ್ಗೆ ಆ ಹತ್ತು ನಿಮಿಷ ಸಿಗುತ್ತದೆ. ಶನಿವಾರ, ಭಾನುವಾರ ಹಾಟ್‌ಸ್ಪಾಟ್ ಮನೆಯಲ್ಲೇ ಇರುವುದರಿಂದ ಮಿಂಟ್ ಇಂಟರ್ನೆಟ್‌ನಿಂದ ಸರಿಯಾದ ಸಮಯವನ್ನು ತಂದುಕೊಂಡು ಹೊಸ ದಿನಕ್ಕೆ ದಾಟುತ್ತದೆ.

ನಾಳೆ ಬೆಳಿಗ್ಗೆ ನಿಮ್ಮ ಖಾತೆಯಿಂದ ಟರ್ಮಿನಲ್ ತೆರೆದು ಟೈಮ್‌ಡೇಟ್‌ಸಿಟಿಎಲ್ (timedatectl) ಎಂದು ಕೊಟ್ಟು, ಲೋಕಲ್ ಟೈಮ್ ಮತ್ತು ಆರ್‌ಟಿಸಿ ಟೈಮ್ (ಮದರ್‌ಬೋರ್ಡಿನ ಗಡಿಯಾರದ ಸಮಯ) ಎಂಬ ಎರಡು ಸಾಲುಗಳನ್ನು ಇಲ್ಲಿ ಬರೆಯಿರಿ. ಇನ್ನೊಂದು ಮಾತು: ಯಂತ್ರ ಶುರುವಾಗುವಾಗ ಕಪ್ಪು ಪರದೆಯಲ್ಲಿ ಏನಾದರೂ ಸಂದೇಶ ಬರುತ್ತದೆಯೇ?

ಹಾಸನದ ಮೇಷ್ಟ್ರಮ್ಮ | ಬುಧವಾರ, ಬೆಳಿಗ್ಗೆ 6:48

ಲೋಕಲ್ ಟೈಮ್: ಮಂಗಳವಾರ, 20:41. ಆರ್‌ಟಿಸಿ ಟೈಮ್: 2013ರ ಜನವರಿ 1, ಮಂಗಳವಾರ, 00:04.

ಸಂದೇಶ ಬರುತ್ತದೆ. ದಿನಾಂಕ, ಸಮಯ ಹೊಂದಿಸಿಲ್ಲವೆಂದು ಹೇಳಿ ಎಫ್1 ಒತ್ತಲು ಕೇಳುತ್ತದೆ. ತಮ್ಮ ಕೊಟ್ಟಾಗಿನಿಂದಲೂ ಹಾಗೆಯೇ ಇದೆ, ಮಗಳು ಒತ್ತಿ ಮುಂದೆ ಹೋಗುತ್ತಾಳೆ. ಅದಕ್ಕೂ ಇದಕ್ಕೂ ಸಂಬಂಧವಿದೆ ಎಂದು ತೋಚಲಿಲ್ಲ. ಅಂದ ಹಾಗೆ ಬ್ಯಾಟರಿ ಊದಿಕೊಂಡಿತ್ತೆಂದು ತಮ್ಮನೇ ಅದನ್ನು ತೆಗೆದು ಕೊಟ್ಟಿದ್ದ. ಅಡಾಪ್ಟರಿನಲ್ಲಿಯೇ ನಡೆಸುತ್ತೇವೆ, ರಾತ್ರಿ ಮಲಗುವ ಮುನ್ನ ಗೋಡೆಯ ಸ್ವಿಚ್ಚನ್ನು ಆರಿಸುತ್ತೇನೆ.

ಬೆಸುಗೆ ಕಡ್ಡಿ | ಬುಧವಾರ, ಬೆಳಿಗ್ಗೆ 8:20

ಈ ಮೂರು ಸಂಗತಿಗಳು ಸೋಮವಾರವೇ ಸಿಕ್ಕಿದ್ದರೆ ಕೆಜಿಪಿ ಜಗಳ ತಪ್ಪುತ್ತಿತ್ತು! ಆದರೂ ಊದಿದ ಬ್ಯಾಟರಿಯನ್ನು ತೆಗೆದು ಕೊಟ್ಟ ನಿಮ್ಮ ತಮ್ಮ ಮಾಡಿದ್ದು ಸರಿ.

ಮದರ್‌ಬೋರ್ಡಿನ ಗಡಿಯಾರ ವಿದ್ಯುತ್ ಇಲ್ಲದಾಗಲೂ ನಡೆಯಲೆಂದು ಒಳಗೊಂದು ನಾಣ್ಯದಂಥ ಸೆಲ್ ಇರುತ್ತದೆ. ಹೆಚ್ಚಾಗಿ ಅದು ಸಿಆರ್2032, 3 ವೋಲ್ಟಿನದು. ದೊಡ್ಡ ಬ್ಯಾಟರಿಯೋ ಗೋಡೆಯ ವಿದ್ಯುತ್ತೋ ಇದ್ದರೆ ಸೆಲ್ ಸತ್ತಿರುವುದು ಯಾರಿಗೂ ತಿಳಿಯುವುದಿಲ್ಲ. ನಿಮ್ಮಲ್ಲಿ ಬ್ಯಾಟರಿ ಇಲ್ಲ, ಸ್ವಿಚ್ ಆರಿದೆ, ಸೆಲ್ ಸತ್ತಿದೆ. ಹಾಗಾಗಿ ಪ್ರತಿ ಬೆಳಿಗ್ಗೆ ಮದರ್‌ಬೋರ್ಡ್ 2013ಕ್ಕೆ ಮರಳುತ್ತದೆ. ಮಿಂಟ್ ಅಷ್ಟು ಹಿಂದಿನ ತಾರೀಖನ್ನು ಒಪ್ಪದೆ, ತಾನು ಕೊನೆಯದಾಗಿ ಡಿಸ್ಕಿನಲ್ಲಿ ಗುರುತು ಹಾಕಿಟ್ಟ ಸಮಯದಿಂದ ಎಣಿಕೆ ಶುರು ಮಾಡುತ್ತದೆ. ಆ ಸಮಯವೇ ನಿಮ್ಮ ಮಗಳು ಕಂಡ ಎಂಟೂವರೆ.

ಲ್ಯಾಪ್‌ಟಾಪುಗಳಲ್ಲಿ ಈ ಸೆಲ್ಲಿಗೆ ಎರಡು ತಂತಿ ಬೆಸೆದು, ಪ್ಲಾಸ್ಟಿಕ್ ಹೊದಿಕೆ ಸುತ್ತಿ, ಪುಟ್ಟ ಕನೆಕ್ಟರ್ ಕೊಟ್ಟಿರುತ್ತಾರೆ. ಬರಿಯ ಸೆಲ್ ತಂದು ಮನೆಯಲ್ಲಿ ಬೆಸುಗೆ ಹಾಕಬೇಡಿ, ಬಿಸಿಗೆ ಸಿಡಿಯಬಹುದು. ತಂತಿಸಹಿತವಾದದ್ದನ್ನೇ ರಿಪೇರಿಯವರಲ್ಲಿ ಕೇಳಿ, ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಅಲ್ಲಿಯವರೆಗೆ ರಾತ್ರಿ ಗೋಡೆಯ ಸ್ವಿಚ್ಚನ್ನು ಆರಿಸದಿದ್ದರೆ ಸಾಕು.

ಇನ್ನು ಭದ್ರತೆ. ಅಡ್ಮಿನ್ ಅಧಿಕಾರವಿಲ್ಲದ ಖಾತೆಯಿಂದ ಮಿಂಟಿನೊಳಗೆ ಗಡಿಯಾರ ತಿದ್ದಲು ಆಗದು, ನಿಜ. ಆದರೆ ಯಂತ್ರ ಶುರುವಾಗುವಾಗ ಮಿಂಟ್‌ಗೂ ಮೊದಲು ನಡೆಯುವ ಬಯಾಸ್‌ಗೆ ಪಾಸ್‌ವರ್ಡ್ ಇಲ್ಲದಿದ್ದರೆ, ಅದರೊಳಗೆ ಹೋಗಿ ತಾರೀಖನ್ನು ಒಂದು ದಿನ ಮುಂದೆ ಹಾಕಿದವರಿಗೆ ಟೈಮ್‌ಕೆಪಿಆರ್ ಹೊಸ ದಿನವೆಂದೇ ತಿಳಿದು ಇನ್ನೊಂದು ಗಂಟೆ ಕೊಡುತ್ತದೆ. ದಿನವೂ ಎಫ್1 ಒತ್ತುವ ಹುಡುಗಿ ಅದರ ಪಕ್ಕದ ಕೀಲಿಯನ್ನು ಒತ್ತಿ ನೋಡುವುದಕ್ಕೆ ಬಹಳ ದಿನ ಬೇಕಿಲ್ಲ. ಆದ್ದರಿಂದ ಬಯಾಸ್‌ನಲ್ಲಿ ಸೂಪರ್‌ವೈಸರ್ ಪಾಸ್‌ವರ್ಡ್ ಹಾಕಿ, ಯುಎಸ್‌ಬಿಯಿಂದ ಬೂಟ್ ಆಗುವುದನ್ನು ನಿಲ್ಲಿಸಿ. ಮಿಂಟನ್ನು ಶುರು ಮಾಡುವ ಗ್ರಬ್‌ನ ರಿಕವರಿ ಆಯ್ಕೆಯಿಂದ ಪಾಸ್‌ವರ್ಡ್ ಇಲ್ಲದೆಯೇ ರೂಟ್, ಅಂದರೆ ಪೂರ್ಣ, ಅಧಿಕಾರ ಸಿಗುತ್ತದೆ ಎಂಬುದೂ ತಿಳಿದಿರಲಿ. ಹತ್ತು ವರ್ಷದ ಮಗುವಿನ ಮಟ್ಟಿಗೆ ಸದ್ಯಕ್ಕೆ ಅದಕ್ಕೆ ತಲೆ ಕೆಡಿಸಿಕೊಳ್ಳುವುದು ಬೇಡ.

ಕೊನೆಯದಾಗಿ, ಟೈಮ್‌ಕೆಪಿಆರ್‌ನಲ್ಲಿ ಸಮಯ ಮುಗಿದಾಗ ಸೆಷನ್ನನ್ನು ಕೊಲ್ಲುವ ಬದಲು ಪರದೆಗೆ ಬೀಗ ಹಾಕುವ ಆಯ್ಕೆ ಇದೆ. ಅದನ್ನು ಆರಿಸಿದರೆ ಪ್ರಬಂಧ ಉಳಿಯುತ್ತದೆ.

ಮನೆ ಕಾವಲುಗಾರ | ಬುಧವಾರ, ಬೆಳಿಗ್ಗೆ 9:00

ಡಿಎನ್‌ಎಸ್ ಬಗ್ಗೆ ಯಾರೂ ಮಾತಾಡಲಿಲ್ಲ. ಹಾಟ್‌ಸ್ಪಾಟ್ ಆದರೇನು, ಆ ಸಂಪರ್ಕದ ಡಿಎನ್‌ಎಸ್ ಜಾಗದಲ್ಲಿ 1.1.1.3 ಎಂದು ಹಾಕಿದರೆ ವಯಸ್ಕರ ತಾಣಗಳೂ ಕುತಂತ್ರಾಂಶ ಹರಡುವ ತಾಣಗಳೂ ತೆರೆಯುವುದಿಲ್ಲ. ಫೈರ್‌ಫಾಕ್ಸ್ ತನ್ನದೇ ಗುಪ್ತ ಡಿಎನ್‌ಎಸ್ ಬಳಸಿದರೆ ಈ ತಡೆ ಕೆಲಸ ಮಾಡದು, ಅದನ್ನೂ ಮುಚ್ಚಬೇಕು. ಮಗಳ ವಿಷಯದಲ್ಲಿ ನಾನು ಆತುರಪಟ್ಟೆ, ಬೇಸರ ಮಾಡಿಕೊಳ್ಳಬೇಡಿ.

ಹಾಸನದ ಮೇಷ್ಟ್ರಮ್ಮ | ಶುಕ್ರವಾರ, ರಾತ್ರಿ 8:15

ಸೆಲ್ ಬದಲಾಯಿತು. ಹಳೆಯದನ್ನು ರಿಪೇರಿಯವರು ಮೀಟರಿಗೆ ಹಿಡಿದಾಗ ಮುಳ್ಳು ಒಂದು ವೋಲ್ಟನ್ನೂ ಮುಟ್ಟಲಿಲ್ಲ. ನಿನ್ನೆ ರಾತ್ರಿ ಬೇಕೆಂದೇ ಗೋಡೆಯ ಸ್ವಿಚ್ ಆರಿಸಿದೆ. ಇವತ್ತು ಬೆಳಿಗ್ಗೆ ಎಫ್1 ಕೇಳಲಿಲ್ಲ, ಹಾಟ್‌ಸ್ಪಾಟ್ ಇಲ್ಲದೆಯೂ ಎರಡು ಸಾಲುಗಳಲ್ಲಿ ಒಂದೇ ದಿನ ಇತ್ತು. ಗಂಟೆಯಲ್ಲಿ ಮಾತ್ರ ಐದೂವರೆ ತಾಸಿನ ಅಂತರವಿತ್ತು. ಬಯಾಸ್‌ನ ಪಾಸ್‌ವರ್ಡನ್ನು ನನ್ನ ಹಾಜರಿ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದೇನೆ. ಡಿಎನ್‌ಎಸ್ ಕೂಡ ಹಾಕಿದೆ.

ಮಗಳು ಜಾತ್ರೆಯನ್ನು ಮೊದಲಿನಿಂದ ಟೈಪು ಮಾಡಿ, ಐದೈದು ನಿಮಿಷಕ್ಕೊಮ್ಮೆ ಸೇವ್ ಮಾಡುತ್ತಿದ್ದಾಳೆ.

ಬೆಸುಗೆ ಕಡ್ಡಿ | ಶುಕ್ರವಾರ, ರಾತ್ರಿ 8:40

ಆರ್‌ಟಿಸಿ ಸಾಲು ಗ್ರೀನಿಚ್ ಸಮಯವನ್ನು ತೋರಿಸುತ್ತದೆ, ಆದ್ದರಿಂದ ಆ ಐದೂವರೆ ತಾಸಿನ ಅಂತರ ಸರಿಯಾದದ್ದೇ. ಅದನ್ನು ತಿದ್ದಲು ಹೋಗಬೇಡಿ.

ಪುದೀನಾ ಪ್ರಿಯ | ಶುಕ್ರವಾರ, ರಾತ್ರಿ 9:02

ಸಂತೋಷ ಮೇಡಂ. ಆದರೂ ಟೈಮ್‌ಕೆಪಿಆರ್‌ನ ಏಳು ದಿನಗಳ ಸಾಲನ್ನು ಇನ್ನೊಮ್ಮೆ ನೋಡಿಬಿಡಿ.